ಹಡಗುಕಟ್ಟೆಯಿಂದ ಊರಿನವರೆಗೆ: ಬಾಲ್ಟಿಕ್ ಕ್ರೂಸ್‌ನ ಹಣ, ದಾರಿ, ಗಡಿಯಾರ

ಬಾಲ್ಟಿಕ್ ಸಮುದ್ರದ ಸುತ್ತ ಒಂಬತ್ತು ದೇಶಗಳಿವೆ: ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್ ಮತ್ತು ಜರ್ಮನಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಈ ನೀರಿನಲ್ಲಿ ಕ್ರೂಸ್ ಹಡಗುಗಳ ಸುಗ್ಗಿ. ರಾತ್ರಿಯಿಡೀ ಹಡಗು ಸಾಗುತ್ತದೆ, ಬೆಳಗಾದರೆ ಕಿಟಕಿಯಾಚೆ ಹೊಸ ಊರು. ನಾಲ್ಕೈದು ದೇಶ ನೋಡಿದರೂ ಪೆಟ್ಟಿಗೆ ಬಿಚ್ಚುವುದು ಒಂದೇ ಸಲ. ಆದರೆ ಟಿಕೆಟ್ಟಿನ ಹಣಕ್ಕೆ ಸಿಗುವುದು ಹಡಗು ಮಾತ್ರ. ಹಡಗುಕಟ್ಟೆಯಿಂದ ಊರಿನ ನಡುವಿಗೆ ಹೋಗುವ ದಾರಿ, ಆ ಊರಿನಲ್ಲಿ ನಡೆಯುವ ಹಣ, ಮರಳಿ ಬಂದು ಹತ್ತಬೇಕಾದ ಹೊತ್ತು, ಇವೆಲ್ಲ ಪ್ರಯಾಣಿಕರ ಪಾಲಿಗೆ ಬಿಟ್ಟದ್ದು. ಕೈ ಕಚ್ಚುವುದೂ ಮನಸ್ಸು ಕೆಡುವುದೂ ಹೆಚ್ಚಾಗಿ ಇಲ್ಲಿಯೇ.

ಹಳೆಯ ಪ್ರವಾಸಿ ಪುಸ್ತಕಗಳನ್ನು ನೆಚ್ಚುವವರು ಒಂದು ಬದಲಾವಣೆಯನ್ನು ಗಮನದಲ್ಲಿಡಬೇಕು. ಹಿಂದೆ ಬಾಲ್ಟಿಕ್ ಕ್ರೂಸ್ ಎಂದರೆ ಸೇಂಟ್ ಪೀಟರ್ಸ್‌ಬರ್ಗ್ ಎಂಬಂತಿತ್ತು. ಹಡಗಿನಲ್ಲಿ ಬಂದವರು ಅಲ್ಲಿ 72 ಗಂಟೆ ವೀಸಾ ಇಲ್ಲದೆ ಪ್ರವಾಸ ತಂಡದ ಜೊತೆ ಸುತ್ತಬಹುದಿತ್ತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ದೊಡ್ಡ ಕ್ರೂಸ್ ಕಂಪನಿಗಳು ಆ ಬಂದರನ್ನು ಕೈಬಿಟ್ಟವು. ಅಲ್ಲಿ ಕಳೆಯುತ್ತಿದ್ದ ಎರಡು ಮೂರು ದಿನಗಳು ಈಗ ಸ್ವೀಡನ್ನಿನ ವಿಸ್ಬಿ, ಲಾಟ್ವಿಯಾದ ರೀಗಾ, ಲಿಥುವೇನಿಯಾದ ಕ್ಲೈಪೆಡಾ, ಪೋಲೆಂಡಿನ ಗ್ಡಿನಿಯಾದಂಥ ಊರುಗಳಿಗೆ ಹಂಚಿಹೋಗಿವೆ. ಇದು ಬರೀ ನಷ್ಟವಲ್ಲ. ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿಯಲ್ಲಿ ಮಧ್ಯಯುಗದ ಕೋಟೆಗೋಡೆ ಇನ್ನೂ ಊರನ್ನು ಬಳಸಿ ನಿಂತಿದೆ. 2018ರಲ್ಲಿ ಅಲ್ಲಿ ಕ್ರೂಸ್ ಕಟ್ಟೆಯಾದ ಮೇಲೆ ದೊಡ್ಡ ಹಡಗೂ ನೇರವಾಗಿ ದಡ ಮುಟ್ಟುತ್ತದೆ.

ತಿಂಗಳ ಆಯ್ಕೆ ನಿಜಕ್ಕೂ ಬೆಳಕಿನ ಆಯ್ಕೆ. ಜೂನ್ ಕೊನೆಯ ಹೊತ್ತಿಗೆ ಹೆಲ್ಸಿಂಕಿಯಲ್ಲಿ ಹಗಲು ಸುಮಾರು 19 ಗಂಟೆಯಷ್ಟು. ರಾತ್ರಿ ಹತ್ತಕ್ಕೂ ಡೆಕ್ಕಿನ ಮೇಲೆ ಕೂತು ಪುಸ್ತಕ ಓದಬಹುದು. ಆದರೆ ಅದೇ ವಾರ ಮಧ್ಯಬೇಸಿಗೆಯ ಹಬ್ಬ. ಸ್ವೀಡನ್ನಿನಲ್ಲಿ ಜೂನ್ 19ರಿಂದ 25ರೊಳಗೆ ಬೀಳುವ ಶುಕ್ರವಾರ, ಫಿನ್‌ಲ್ಯಾಂಡಿನಲ್ಲಿ ಅದರ ಜೊತೆಗಿನ ಶನಿವಾರ, ಎಸ್ಟೋನಿಯಾ ಮತ್ತು ಲಾಟ್ವಿಯಾದಲ್ಲಿ ಜೂನ್ 23 ಮತ್ತು 24. ಆಗ ಊರವರು ಹಳ್ಳಿಮನೆಗಳಿಗೆ ಹೋಗುತ್ತಾರೆ. ಬಹಳಷ್ಟು ಅಂಗಡಿಗಳಿಗೆ ಬೀಗ, ಬಸ್ಸುಗಳೂ ಕಡಿಮೆ. ಇಡೀ ಪ್ರವಾಸದಲ್ಲಿ ಸ್ಟಾಕ್‌ಹೋಮಿಗೆ ಸಿಗುವ ಒಂದೇ ದಿನ ಆ ಶುಕ್ರವಾರವೇ ಆದರೆ ಪೇಚು. ಮೇ ಮತ್ತು ಸೆಪ್ಟೆಂಬರ್ ಅಗ್ಗ, ಜನಸಂದಣಿ ಕಡಿಮೆ, ಚಳಿ ಹೆಚ್ಚು. ಜುಲೈನಲ್ಲೂ ಒಂದು ಮಳೆಯಂಗಿ, ಒಂದು ಸ್ವೆಟರ್ ಮತ್ತು ಕಲ್ಲುಹಾಸಿನ ಬೀದಿಗೆ ತಡೆಯುವ ಬೂಟು ಬೇಕೇ ಬೇಕು.

ವೀಸಾ ಯಾವ ದೇಶದ್ದು?

ರಷ್ಯಾ ಒಂದನ್ನು ಬಿಟ್ಟರೆ ಬಾಲ್ಟಿಕ್ ತೀರದ ದೇಶಗಳೆಲ್ಲ ಷೆಂಗೆನ್ ಒಳಗಿವೆ. ಹಾಗಾಗಿ ಒಂದೇ ವೀಸಾ ಸಾಕು. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ; ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮರಳಿ ಬರುವ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಪಾಸ್‌ಪೋರ್ಟಿನ ಅವಧಿ ಇರಬೇಕು.

ತೊಡಕಿರುವುದು ಯಾವ ದೇಶದ ಕಚೇರಿಗೆ ಅರ್ಜಿ ಹಾಕಬೇಕೆಂಬಲ್ಲಿ. ಹೆಚ್ಚು ದಿನ ಇರುವ ದೇಶಕ್ಕೆ ಎನ್ನುವುದು ನಿಯಮ. ಎಲ್ಲ ಕಡೆ ಸಮ ದಿನವಾದರೆ ಮೊದಲು ಕಾಲಿಡುವ ದೇಶಕ್ಕೆ. ಕ್ರೂಸ್‌ನಲ್ಲಿ ಪ್ರತಿ ದೇಶಕ್ಕೂ ಒಂದೊಂದೇ ದಿನ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಹೋದರೆ ಗಡಿ ದಾಟುವುದು ಜರ್ಮನಿಯಲ್ಲಿ, ಹಡಗು ಹತ್ತುವುದು ಡೆನ್ಮಾರ್ಕಿನಲ್ಲಿ. ಇದಕ್ಕೆ ಸರಳ ಪರಿಹಾರವಿದೆ. ಹಡಗು ಹೊರಡುವ ಊರಿನಲ್ಲಿ ಎರಡು ರಾತ್ರಿ ಹೋಟೆಲ್ ಕಾದಿರಿಸಿದರೆ ಆ ದೇಶವೇ ಮುಖ್ಯ ತಾಣವಾಗುತ್ತದೆ, ಅರ್ಜಿಯಲ್ಲಿ ಗೊಂದಲ ಉಳಿಯುವುದಿಲ್ಲ. ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆಂದು ಸಂಬಂಧವಿಲ್ಲದ ದೇಶಕ್ಕೆ ಅರ್ಜಿ ಹಾಕಿಸುವ ಸಲಹೆಯನ್ನು ಒಪ್ಪಬಾರದು. ತಿರಸ್ಕಾರವಾದರೆ ಶುಲ್ಕವಂತೂ ಮರಳುವುದಿಲ್ಲ.

ಕೆಲವು ಹಡಗುಗಳು ಇಂಗ್ಲೆಂಡಿನ ಸೌತಾಂಪ್ಟನ್ ಅಥವಾ ಡೋವರ್‌ನಿಂದ ಹೊರಡುತ್ತವೆ. ಆಗ ಬ್ರಿಟನ್ ವೀಸಾ ಪ್ರತ್ಯೇಕ ಬೇಕು, ಷೆಂಗೆನ್ ವೀಸಾವೂ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಇದ್ದರೆ ಕ್ಷೇಮ. ಒಮ್ಮೆ ಹೊರಬಿದ್ದರೆ ಒಂಟಿ ಪ್ರವೇಶದ ವೀಸಾ ಅಲ್ಲಿಗೇ ಮುಗಿದಂತೆ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದರ ಬದಲು ಮುಖಚಿತ್ರ ಮೊದಲಾದ ವಿವರ ದಾಖಲಿಸುವ ಪದ್ಧತಿ ಹಂತಹಂತವಾಗಿ ಬಂದಿದೆ. ಫ್ರಾಂಕ್‌ಫರ್ಟಿನಲ್ಲೋ ಮ್ಯೂನಿಕ್‌ನಲ್ಲೋ ವಿಮಾನ ಬದಲಿಸುವವರು ಗಡಿ ತಪಾಸಣೆಯ ಸಾಲಿಗೆಂದು ಸಮಯ ಎತ್ತಿಟ್ಟುಕೊಳ್ಳಬೇಕು. ಒಂದು ಗಂಟೆಯ ಅಂತರ ಸಾಲದು.

ಹಡಗು ಹೊರಡುವ ದಿನವೇ ಆ ಊರಿಗೆ ಬಂದಿಳಿಯುವ ಯೋಜನೆ ಅಪಾಯದ್ದು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ತಲುಪಿದರೆ ತಪ್ಪಿದ ಪೆಟ್ಟಿಗೆ ಬಂದು ಸೇರಲು, ಒಂದು ನಿದ್ದೆ ತೆಗೆಯಲು ಎಡೆ ಸಿಗುತ್ತದೆ.

ಬಂದರು ಒಂದು ಕಡೆ, ಊರು ಇನ್ನೊಂದು ಕಡೆ

ಕೋಪನ್‌ಹೇಗನ್ನಿನಲ್ಲಿ ಒಂದಕ್ಕಿಂತ ಹೆಚ್ಚು ಕ್ರೂಸ್ ಕಟ್ಟೆಗಳಿವೆ. ಲಾಂಗೆಲಿನಿಯಲ್ಲಿ ಹಡಗು ನಿಂತರೆ ಅದೃಷ್ಟ. 1913ರಿಂದ ಬಂಡೆಯ ಮೇಲೆ ಕೂತಿರುವ ಪುಟ್ಟ ಮತ್ಸ್ಯಕನ್ಯೆ ಅಲ್ಲಿಂದ ಕಾಲ್ನಡಿಗೆಯ ದೂರ, ಊರೂ ಹಾಗೆಯೇ. ದೊಡ್ಡ ಹಡಗುಗಳು ಹೆಚ್ಚಾಗಿ ನಿಲ್ಲುವುದು ಉತ್ತರದ ಓಷನ್‌ಕಾಯ್‌ನಲ್ಲಿ. ಅದು ಸಮುದ್ರವನ್ನು ತುಂಬಿಸಿ ಮಾಡಿದ ನೆಲ, ಊರಿನ ನಡುವಿನಿಂದ ಐದಾರು ಕಿಲೋಮೀಟರ್. ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗುವ ಕ್ರಮ ಹೀಗೆ: ಟರ್ಮಿನಲ್ಲಿನಿಂದಲೇ ಹೊರಡುವ, ಚಾಲಕನಿಲ್ಲದ ಎಂ2 ಮೆಟ್ರೊ ಹತ್ತಿ ಸುಮಾರು ಕಾಲು ಗಂಟೆಯಲ್ಲಿ ಕಾಂಗೆನ್ಸ್ ನ್ಯೂಟೋರ್ವ್‌ನಲ್ಲಿ ಇಳಿಯಬೇಕು, ಲಿಫ್ಟಿನಲ್ಲಿ ಎಂ4 ಮಾರ್ಗದ ಪ್ಲಾಟ್‌ಫಾರ್ಮಿಗೆ ಹೋಗಿ ಓರಿಯೆಂಟ್‌ಕಾಯ್ ಕಡೆಯ ಗಾಡಿ ಹಿಡಿಯಬೇಕು. ಈ ನಿಲ್ದಾಣ ತೆರೆದದ್ದು 2020ರಲ್ಲಿ. ಅಲ್ಲಿಂದ ಹಡಗಿಗೆ ಇನ್ನೂ ಸುಮಾರು ಎರಡು ಕಿಲೋಮೀಟರ್. ಅದಕ್ಕೆ ಬಸ್ಸು ಅಥವಾ ಟ್ಯಾಕ್ಸಿ. ಒಂದೊಂದೇ ಚಕ್ರದ ಪೆಟ್ಟಿಗೆಯಿರುವ ಇಬ್ಬರಿಗೆ ಇದು ಸುಲಭ. ಅಜ್ಜ, ಅಜ್ಜಿ, ಮಗು ಸೇರಿ ಐದು ಪೆಟ್ಟಿಗೆಗಳಿದ್ದರೆ ವಿಮಾನ ನಿಲ್ದಾಣದಿಂದಲೇ ದೊಡ್ಡ ಟ್ಯಾಕ್ಸಿ ಮಾಡುವುದು ಜಾಣತನ. ತಲಾ ಲೆಕ್ಕ ಹಾಕಿದರೆ ಅಷ್ಟೇನೂ ದುಬಾರಿಯಾಗದು.

ಸ್ಟಾಕ್‌ಹೋಮಿನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಸ್ಟಾಡ್ಸ್‌ಗೋರ್ಡನ್ ಕಟ್ಟೆಯಿಂದ ಹಳೆಯ ಊರಾದ ಗಾಮ್ಲಾ ಸ್ಟಾನ್‌ಗೆ ನಡೆದೇ ಹೋಗಬಹುದು. ಫ್ರಿಹಾಮ್ನೆನ್ ಕಟ್ಟೆಯಿಂದ ಬಸ್ಸು ಬೇಕು. ಕೆಲವು ದೊಡ್ಡ ಹಡಗುಗಳ ಪಟ್ಟಿಯಲ್ಲಿ ಸ್ಟಾಕ್‌ಹೋಮ್ ಎಂದಿದ್ದರೂ ನಿಲ್ಲುವುದು ನ್ಯೂನೆಸ್‌ಹಾಮ್ನ್‌ನಲ್ಲಿ, ಊರಿನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಲೋಕಲ್ ರೈಲಿಗೆ ಸುಮಾರು ಒಂದು ಗಂಟೆ. ಹೋಗಿಬರಲು ಎರಡು ಗಂಟೆ ಹೋಯಿತೆಂದರೆ ಎಂಟು ಗಂಟೆಯ ನಿಲುಗಡೆಯಲ್ಲಿ ಉಳಿಯುವುದೆಷ್ಟು? ನಷ್ಟ ಅಷ್ಟೇ ಅಲ್ಲ. ಸ್ಟಾಕ್‌ಹೋಮಿಗೆ ನೇರವಾಗಿ ಹೋಗುವ ಹಡಗು ಸಾವಿರಾರು ದ್ವೀಪಗಳ ನಡುವೆ ಮೂರ್ನಾಲ್ಕು ಗಂಟೆ ನುಸುಳಿಕೊಂಡು ಸಾಗುತ್ತದೆ. ಕೆಂಪು ಮರದ ಮನೆ, ಅದರ ಮುಂದೊಂದು ದೋಣಿ, ಬಂಡೆಯ ಮೇಲೆ ಟವೆಲ್ ಹಾಸಿ ಕೂತವರು, ಎಲ್ಲ ಕೈಗೆಟಕುವಷ್ಟು ಹತ್ತಿರ. ಬಾಲ್ಟಿಕ್ ಪ್ರಯಾಣದ ಅತ್ಯಂತ ಸುಂದರ ಹೊತ್ತು ಇದೇ ಎಂದರೆ ತಪ್ಪಲ್ಲ. ನ್ಯೂನೆಸ್‌ಹಾಮ್ನ್‌ನಲ್ಲೇ ನಿಲ್ಲುವ ಹಡಗಿನಲ್ಲಿ ಅದು ಸಿಗದು. ಟಿಕೆಟ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಊರಿನ ಹೆಸರಲ್ಲ, ಕಟ್ಟೆಯ ಹೆಸರು.

ಬರ್ಲಿನ್ ಎಂದು ಬರೆದಿರುವ ದಿನವನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಬರ್ಲಿನ್ ಸಮುದ್ರದ ದಂಡೆಯಲ್ಲಿಲ್ಲ. ಹಡಗು ನಿಲ್ಲುವುದು ವಾರ್ನೆಮ್ಯುಂಡೆಯಲ್ಲಿ; ಬರ್ಲಿನ್ ಅಲ್ಲಿಂದ 220 ಕಿಲೋಮೀಟರಿಗೂ ಹೆಚ್ಚು, ಬಸ್ಸಾಗಲಿ ರೈಲಾಗಲಿ ಒಂದು ಕಡೆಗೇ ಸುಮಾರು ಮೂರು ಗಂಟೆ. ಆರು ಗಂಟೆ ಕೂತು ನಾಲ್ಕೈದು ಗಂಟೆ ನೋಡುವ ಈ ದಿನಕ್ಕೆ ಬೆಲೆಯೂ ಹೆಚ್ಚು. ಬರ್ಲಿನ್ ನೋಡಲೇಬೇಕೆಂಬ ಆಸೆಯುಳ್ಳವರು ಕ್ರೂಸ್ ಮುಗಿದ ಮೇಲೆ ಬೇರೆಯಾಗಿ ಎರಡು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಆ ದಿನಕ್ಕೆ ವಾರ್ನೆಮ್ಯುಂಡೆಯೇ ಸಾಕಷ್ಟಿದೆ. ರೈಲು ನಿಲ್ದಾಣ ಹಡಗಿನ ಪಕ್ಕದಲ್ಲೇ ಇದೆ, ಇಪ್ಪತ್ತು ನಿಮಿಷ ದಾಟುವಷ್ಟರಲ್ಲಿ ರೊಸ್ಟಾಕ್ ಬರುತ್ತದೆ. ಸಂಜೆ ಬಿಳಿ ಮರಳಿನ ಕಡಲತೀರ.

ಎಸ್ಟೋನಿಯಾದ ಟಾಲಿನ್ ಈ ದೃಷ್ಟಿಯಿಂದ ಎಲ್ಲಕ್ಕಿಂತ ಸರಳ. ಕಟ್ಟೆಯಿಂದ ಇಪ್ಪತ್ತು ನಿಮಿಷ ನಡೆದರೆ ದಪ್ಪ ಮಾರ್ಗರೆಟ್ ಎಂದೇ ಹೆಸರಾದ ಗುಂಡು ಬುರುಜು, ಅದರ ಬಾಗಿಲು ದಾಟಿದರೆ ಯುನೆಸ್ಕೊ ಪಟ್ಟಿಯಲ್ಲಿರುವ ಹಳೆಯ ಊರು. ಅಲ್ಲಿನ ಚೌಕದ ಔಷಧದಂಗಡಿಯ ದಾಖಲೆ 1422ರಷ್ಟು ಹಿಂದಕ್ಕೆ ಹೋಗುತ್ತದೆ. ಇವತ್ತಿಗೂ ಅದು ಔಷಧದಂಗಡಿಯೇ. ಇಲ್ಲಿ ಹಡಗಿನವರ ಬಸ್ಸಿಗೆ ಹಣ ತೆರುವ ಅಗತ್ಯವಿಲ್ಲ. ರೀಗಾ, ಕ್ಲೈಪೆಡಾಗಳಲ್ಲೂ ಹಳೆಯ ಊರು ನಡಿಗೆಯ ದೂರದಲ್ಲಿದೆ. ಹೆಲ್ಸಿಂಕಿಯ ಹೆರ್ನೆಸಾರಿ ಕಟ್ಟೆ ಊರಿನ ನಡುವಿನಿಂದ ಮೂರ್ನಾಲ್ಕು ಕಿಲೋಮೀಟರ್. ಅಲ್ಲಿ ದಿನದ ಪಾಸ್ ಕೊಂಡರೆ ಅದೇ ಪಾಸಿನಲ್ಲಿ ಟ್ರಾಮ್, ಬಸ್ಸು, ಜೊತೆಗೆ ಸುವೊಮೆನ್‌ಲಿನ್ನಾ ಕೋಟೆದ್ವೀಪಕ್ಕೆ ಹೋಗುವ ದೋಣಿಯೂ ಸೇರಿದೆ. ಗ್ಡಿನಿಯಾದಲ್ಲಿ ಇಳಿದವರು ಗ್ಡಾನ್ಸ್ಕ್‌ಗೆ ಹೋಗಲು ಮೊದಲು ರೈಲು ನಿಲ್ದಾಣ ಸೇರಿ ಅಲ್ಲಿಂದ ಲೋಕಲ್ ರೈಲು ಹಿಡಿಯಬೇಕು.

ಹಡಗಿನವರೇ ನಡೆಸುವ ಪ್ರವಾಸ ದುಬಾರಿ. ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಹಾಗಾಗಿ ಬರ್ಲಿನ್ನಿನಂಥ ದೂರದ ದಿನಕ್ಕೆ ಹಡಗಿನ ಪ್ರವಾಸ, ಟಾಲಿನ್ನಿನಂಥ ಹತ್ತಿರದ ದಿನಕ್ಕೆ ಸ್ವಂತ ಕಾಲು. ಖರ್ಚು ಮತ್ತು ನೆಮ್ಮದಿ ಎರಡೂ ಹೀಗೆ ತೂಗುತ್ತವೆ.

ಐದು ಯೂರೊ ದೇಶ, ಮೂರು ಬೇರೆ ಹಣ

ಜರ್ಮನಿ, ಫಿನ್‌ಲ್ಯಾಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಯೂರೊ. ಎಸ್ಟೋನಿಯಾ 2011ರಲ್ಲಿ, ಲಾಟ್ವಿಯಾ 2014ರಲ್ಲಿ, ಲಿಥುವೇನಿಯಾ 2015ರಲ್ಲಿ ಯೂರೊಗೆ ಬಂದವು. ಡೆನ್ಮಾರ್ಕಿನದು ಕ್ರೋನೆ, ಸ್ವೀಡನ್ನಿನದು ಕ್ರೋನ, ಪೋಲೆಂಡಿನದು ಜ್ಲಾಟಿ. ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಹಣದ ಹೆಸರು ಒಂದೇ ಥರ ಕೇಳಿದರೂ ಅವು ಬೇರೆ ಬೇರೆ. ಒಂದರದ್ದು ಇನ್ನೊಂದರಲ್ಲಿ ನಡೆಯದು. ಡ್ಯಾನಿಶ್ ಕ್ರೋನೆ ಯೂರೊಗೆ ಬೆಸೆದುಕೊಂಡಿದೆ, 1 ಯೂರೊಗೆ ಸುಮಾರು 7.46. ಸ್ವೀಡನ್ನಿನದು ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ.

ನೆಂಟರು ಹಿಂದಿನ ಪ್ರವಾಸದಲ್ಲಿ ಉಳಿದ ನೋಟು ಕೊಟ್ಟರೆ ನೋಡಿ ತೆಗೆದುಕೊಳ್ಳಬೇಕು. ಡೆನ್ಮಾರ್ಕಿನ 1000 ಕ್ರೋನೆಯ ನೋಟೂ ಹಳೆಯ ಸರಣಿಯ ಇತರ ನೋಟುಗಳೂ 2025ರ ಮೇ 31ರ ಬಳಿಕ ಚಲಾವಣೆಯಲ್ಲಿಲ್ಲ. ಸ್ವೀಡನ್ನಿನ ಹಳೆಯ 100 ಮತ್ತು 500ರ ನೋಟುಗಳು 2017ರಲ್ಲೇ ಹೋದವು.

ಅಷ್ಟಕ್ಕೂ ಸ್ವೀಡನ್ನಿನಲ್ಲಿ ನೋಟಿನ ಅಗತ್ಯವೇ ಬೀಳದಿರಬಹುದು. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ 1961ರಲ್ಲಿ ಮೇಲೆತ್ತಲ್ಪಟ್ಟ ವಾಸಾ ಹಡಗಿನ ಸಂಗ್ರಹಾಲಯದಲ್ಲಿ ಟಿಕೆಟ್ಟಿಗೆ ನಗದು ನಡೆಯದು. ಕಾಫಿ ಅಂಗಡಿಗಳ ಬಾಗಿಲಲ್ಲೂ ನಗದು ಬೇಡ ಎಂಬ ಚೀಟಿ ಸಾಮಾನ್ಯ. ಅಲ್ಲಿನವರು ಬಳಸುವ ಸ್ವಿಶ್ ಎಂಬ ಮೊಬೈಲ್ ಪಾವತಿಗೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು. ನಮ್ಮ ಯುಪಿಐ ನೆಚ್ಚಿಕೊಂಡು ಹೊರಡುವಂತಿಲ್ಲ. ಉಳಿಯುವುದು ಕಾರ್ಡು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಎರಡು ಕಾರ್ಡುಗಳು ಬೇರೆ ಬೇರೆ ಬ್ಯಾಂಕಿನವು ಇರಲಿ, ಒಂದು ಕಿಸೆಯಲ್ಲಿ, ಇನ್ನೊಂದು ಕ್ಯಾಬಿನ್ನಿನ ತಿಜೋರಿಯಲ್ಲಿ. ಭಾರತದ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಊರಿನಲ್ಲೇ ಚಾಲೂ ಮಾಡಿಕೊಳ್ಳಬೇಕು. ಒಟಿಪಿ ಬರುವ ಸಿಮ್‌ಗೂ ರೋಮಿಂಗ್ ಇರಬೇಕು.

ಗಾಮ್ಲಾ ಸ್ಟಾನ್‌ನ ಒಂದು ಕಾಫಿ ಅಂಗಡಿಯಲ್ಲಿ ಬಿಲ್ 140 ಕ್ರೋನ ಎಂದಿಟ್ಟುಕೊಳ್ಳೋಣ. ಕಾರ್ಡ್ ಹಾಕಿದೊಡನೆ ಯಂತ್ರದ ಪರದೆಯಲ್ಲಿ ಎರಡು ಸಾಲು ಮೂಡಬಹುದು: ಒಂದರಲ್ಲಿ ಕ್ರೋನದ ಮೊತ್ತ, ಇನ್ನೊಂದರಲ್ಲಿ ರೂಪಾಯಿ. ರೂಪಾಯಿ ಪರಿಚಿತ, ಬೆರಳು ಅತ್ತ ಹೋಗುತ್ತದೆ. ಆದರೆ ಆ ರೂಪಾಯಿಯ ದರವನ್ನು ಹಾಕಿದವರು ಅಂಗಡಿಯ ಕಡೆಯ ಪಾವತಿ ಕಂಪನಿಯವರು, ತಮ್ಮ ಲಾಭ ಸೇರಿಸಿ. ಅದರ ಮೇಲೆ ಕೆಲವು ಭಾರತೀಯ ಬ್ಯಾಂಕುಗಳು ವಿದೇಶದಲ್ಲಿ ರೂಪಾಯಿಯಲ್ಲಿ ಪಾವತಿಸಿದ್ದಕ್ಕೂ ಶುಲ್ಕ ಹಾಕುತ್ತವೆ. ಪ್ರತಿ ಸಲವೂ ಆ ದೇಶದ ಹಣವನ್ನೇ ಒತ್ತಬೇಕು. ಎಟಿಎಂಗೂ ಇದೇ ಮಾತು.

ಬ್ಯಾಂಕಿನ ಶುಲ್ಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ರೆಡಿಟ್ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಶೇ 3.5 ಎಂದಿದ್ದರೆ ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 4.13 ಆಗುತ್ತದೆ. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ. ಕಡಿಮೆ ಶುಲ್ಕದ ಕಾರ್ಡುಗಳೂ ಸಿಗುತ್ತವೆ. ಫಾರೆಕ್ಸ್ ಕಾರ್ಡಿಗೆ ಯೂರೊ ತುಂಬಿಸಿದರೆ ಐದು ದೇಶಗಳಿಗೆ ಅನುಕೂಲ. ಅದನ್ನೇ ಸ್ಟಾಕ್‌ಹೋಮಿನಲ್ಲಿ ಉಜ್ಜಿದರೆ ಹಣ ಬದಲಾವಣೆಯ ಇನ್ನೊಂದು ಶುಲ್ಕ ಬೀಳುತ್ತದೆ. ಸ್ವೀಡನ್ನಿನ ಕ್ರೋನ ತುಂಬಲು ಅವಕಾಶವಿರುವ ಕಾರ್ಡಾದರೆ ಸರಿ. ನಗದು ಎಂದರೆ ಸಣ್ಣ ನೋಟುಗಳಲ್ಲಿ ನೂರಿನ್ನೂರು ಯೂರೊ ಸಾಕು. ಸಂತೆ, ಶೌಚಾಲಯ, ಜರ್ಮನಿಯ ಸಣ್ಣ ಅಂಗಡಿಗಳಿಗೆ. ಹಡಗಿನ ಕೌಂಟರಿನಲ್ಲಿ ಹಣ ಬದಲಿಸುವುದು ಕೊನೆಯ ದಾರಿಯಾಗಿರಲಿ, ದರ ಸಾಮಾನ್ಯವಾಗಿ ಕೆಟ್ಟದಾಗಿರುತ್ತದೆ.

ಹಡಗಿನ ಒಳಗಿನ ಲೆಕ್ಕ

ಜಾಹೀರಾತಿನ ಬೆಲೆ ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿದ್ದರೆ ತಲಾ ಎಷ್ಟು ಎಂಬುದು. ಒಬ್ಬರೇ ಹೋದರೆ ಹತ್ತಿರಹತ್ತಿರ ಇಬ್ಬರ ಬೆಲೆಯನ್ನೇ ಕೇಳಬಹುದು. ಅದರ ಮೇಲೆ ಬಂದರು ತೆರಿಗೆ, ಸೇವಕರ ಟಿಪ್ಸ್, ಇಂಟರ್ನೆಟ್, ಪಾನೀಯ. ಬಹಳಷ್ಟು ಕಂಪನಿಗಳು ಟಿಪ್ಸನ್ನು ದಿನಕ್ಕೆ ತಲಾ ಇಷ್ಟು ಡಾಲರ್ ಎಂದು ತಾವೇ ಬಿಲ್ಲಿಗೆ ಸೇರಿಸುತ್ತವೆ. ದಿನಕ್ಕೆ 16 ಡಾಲರ್ ಎಂದು ಹಿಡಿದರೂ ಇಬ್ಬರ ಹತ್ತು ರಾತ್ರಿಗೆ 320 ಡಾಲರ್. ಹಡಗಿನಲ್ಲಿ ಯಾರೂ ಕೈಯಿಂದ ಕೈಗೆ ಹಣ ಕೊಡುವುದಿಲ್ಲ. ಕ್ಯಾಬಿನ್ನಿನ ಕಾರ್ಡೇ ಖಾತೆ. ಅದಕ್ಕೆ ಜೋಡಿಸಿದ ಬ್ಯಾಂಕ್ ಕಾರ್ಡಿನಲ್ಲಿ ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ನಿಜವಾದ ಹಣವೇ ಕೆಲವು ದಿನ ಕಟ್ಟಿಬೀಳುತ್ತದೆ; ಇಲ್ಲಿಗೆ ಕ್ರೆಡಿಟ್ ಕಾರ್ಡೇ ಸರಿ. ಮೊಬೈಲಿನ ವಿಷಯದಲ್ಲೂ ಎಚ್ಚರ ಬೇಕು. ದಡ ದೂರವಾದೊಡನೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಳ್ಳಬಹುದು, ಅದರ ದರ ಸಾಮಾನ್ಯ ರೋಮಿಂಗಿನ ದರವಲ್ಲ. ಹಡಗು ಬಿಟ್ಟೊಡನೆ ಏರ್‌ಪ್ಲೇನ್ ಮೋಡ್. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟವೋ ಬರೀ ಸಸ್ಯಾಹಾರವೋ ಬೇಕಾದವರು ಬುಕಿಂಗ್ ಹೊತ್ತಿನಲ್ಲೇ ಬರೆದು ತಿಳಿಸಿದರೆ ಅಡುಗೆಯವರಿಗೆ ತಯಾರಿಗೆ ಸಮಯ ಸಿಗುತ್ತದೆ.

ಈ ಖರ್ಚು ಮೀರಿತು ಎನಿಸುವವರಿಗೆ ಬಾಲ್ಟಿಕ್‌ನಲ್ಲಿ ಇನ್ನೊಂದು ದಾರಿಯಿದೆ. ಅಲ್ಲಿನವರೇ ಓಡಾಡುವ ಫೆರಿ ಹಡಗುಗಳು. ಸ್ಟಾಕ್‌ಹೋಮಿನಿಂದ ಸಂಜೆ ಹೊರಟ ಫೆರಿ ಮರುದಿನ ಬೆಳಿಗ್ಗೆ ಹೆಲ್ಸಿಂಕಿಯಲ್ಲಿರುತ್ತದೆ. ಕ್ಯಾಬಿನ್, ಊಟದ ಮನೆ ಎಲ್ಲ ಉಂಟು. ನಡುರಾತ್ರಿ ಅದು ಓಲಂಡ್ ದ್ವೀಪದಲ್ಲಿ ಕೆಲ ನಿಮಿಷ ನಿಲ್ಲುವುದಕ್ಕೆ ಕಾರಣವಿದೆ: ಆ ದ್ವೀಪಗಳು ಯುರೋಪಿಯನ್ ಒಕ್ಕೂಟದ ತೆರಿಗೆ ವಲಯದ ಹೊರಗಿವೆ, ಅಲ್ಲಿ ತಂಗಿದ ಹಡಗು ತೆರಿಗೆಯಿಲ್ಲದ ಸರಕು ಮಾರಬಹುದು. ಹೆಲ್ಸಿಂಕಿಯಿಂದ ಟಾಲಿನ್‌ಗೆ ಸುಮಾರು 80 ಕಿಲೋಮೀಟರ್, ಎರಡು ಗಂಟೆ. ಸ್ಟಾಕ್‌ಹೋಮ್, ಹೆಲ್ಸಿಂಕಿ, ಟಾಲಿನ್ ಮೂರನ್ನೂ ಹೀಗೆ ಜೋಡಿಸಿ ಪ್ರತಿ ಊರಿನಲ್ಲಿ ಎರಡು ರಾತ್ರಿ ಉಳಿದರೆ ದ್ವೀಪಗಳ ನಡುವಿನ ಪಯಣವೂ ಸಿಗುತ್ತದೆ, ಊರೂ ಮನಸ್ಸಿಗೆ ಹತ್ತುತ್ತದೆ. ಪೆಟ್ಟಿಗೆ ಎಳೆಯುವ ಶ್ರಮ ಮಾತ್ರ ತಪ್ಪದು.

ಗಡಿಯಾರ ಮತ್ತು ಕೊನೆಯ ಬೆಳಗು

ಡೆನ್ಮಾರ್ಕ್, ಸ್ವೀಡನ್, ಜರ್ಮನಿ, ಪೋಲೆಂಡ್ ಒಂದು ಸಮಯದಲ್ಲಿವೆ. ಫಿನ್‌ಲ್ಯಾಂಡ್ ಮತ್ತು ಬಾಲ್ಟಿಕ್‌ನ ಮೂರು ಪುಟ್ಟ ದೇಶಗಳು ಒಂದು ಗಂಟೆ ಮುಂದೆ. ಬೇಸಿಗೆಯಲ್ಲಿ ಭಾರತದ ಗಡಿಯಾರ ಕೋಪನ್‌ಹೇಗನ್ನಿಗಿಂತ ಮೂರೂವರೆ ಗಂಟೆ, ಹೆಲ್ಸಿಂಕಿಗಿಂತ ಎರಡೂವರೆ ಗಂಟೆ ಮುಂದಿರುತ್ತದೆ. ದಡದ ಟವರ್ ಸಿಕ್ಕೊಡನೆ ಫೋನು ತನ್ನಷ್ಟಕ್ಕೆ ಸಮಯ ಬದಲಿಸುತ್ತದೆ. ಹಡಗು ಯಾವಾಗ ಬದಲಿಸುವುದೆಂದು ನಾಯಕರು ತೀರ್ಮಾನಿಸುತ್ತಾರೆ. ಹಿಂತಿರುಗಿ ಹತ್ತುವ ಗಡುವು ಯಾವಾಗಲೂ ಹಡಗಿನ ಸಮಯದ್ದು, ಅದೂ ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಸಾಮಾನ್ಯ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡರೆ ಗೊಂದಲವಿಲ್ಲ. ಬಂದರಿನ ಸ್ಥಳೀಯ ಏಜೆಂಟರ ಫೋನ್ ಸಂಖ್ಯೆ ಹಡಗಿನ ದಿನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಆ ಪುಟವನ್ನೂ ಪಾಸ್‌ಪೋರ್ಟಿನ ಪ್ರತಿಯನ್ನೂ ದಡಕ್ಕೆ ಒಯ್ಯಬೇಕು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ನಿನ ಹೊರಗಿಡಬೇಕು. ಬೆಳಿಗ್ಗೆ ಅವು ಟರ್ಮಿನಲ್ಲಿನಲ್ಲಿ ಸಿಗುತ್ತವೆ. ಪಾಸ್‌ಪೋರ್ಟ್, ಮಾತ್ರೆಗಳು, ಬೆಳಗಿನ ಬಟ್ಟೆ ಕೈಚೀಲದಲ್ಲೇ ಉಳಿಯಲಿ. ಹಡಗಿನ ಅಂತಿಮ ಬಿಲ್ಲನ್ನು ಆ ರಾತ್ರಿಯೇ ಓದಿ, ತಪ್ಪಿದ್ದರೆ ಕೌಂಟರಿನಲ್ಲಿ ಹೇಳಬೇಕು. ಬೆಳಿಗ್ಗೆ ಅಲ್ಲಿ ಉದ್ದ ಸಾಲಿರುತ್ತದೆ. ಮರಳುವ ವಿಮಾನ ಮಧ್ಯಾಹ್ನದ ನಂತರದ್ದಾದರೆ ಓಟವಿಲ್ಲ.

ಊರು ಸೇರಿದ ಮೇಲೆ ಎರಡು ಕೆಲಸ ಬಾಕಿ. ಕಾರ್ಡಿನ ಸ್ಟೇಟ್‌ಮೆಂಟ್ ನೋಡಿ ಹಡಗಿನವರು ತಡೆಹಿಡಿದ ಮೊತ್ತ ಬಿಡುಗಡೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಂದು. ಇನ್ನೊಂದು, ವಿದೇಶ ಪ್ರವಾಸದ ಪ್ಯಾಕೇಜ್ ಮಾರುವಾಗ ಭಾರತದ ಏಜೆಂಟರು ಟಿಸಿಎಸ್ ಎಂದು ಹಿಡಿದ ತೆರಿಗೆ. ಅದು ಪ್ಯಾನ್ ಸಂಖ್ಯೆಯ ಕೆಳಗೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣಿಸುತ್ತದೆ. ಆ ವರ್ಷದ ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಿದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತದೆ, ಹೆಚ್ಚಾದದ್ದು ಬ್ಯಾಂಕ್ ಖಾತೆಗೆ ಮರಳುತ್ತದೆ.